ಜಿಂಕೆಗೂ ಬೇಕು, ಅಳಿಲಿಗೂ ಬೇಕು: ಮದ್ದು ತುಂಬುವ ಕೋವಿಗೆ ಯಾವ ಕ್ಯಾಲಿಬರ್?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಮಂಡ್ಯದಲ್ಲೋ ಮೈಸೂರಿನಲ್ಲೋ ಬೇಟೆಗೆ ಹೋಗಬೇಕು ಅನ್ನುವವರಿಗೆ ಬರೆದದ್ದಲ್ಲ. ಇಲ್ಲಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಂಡೀಪುರದ ಜಿಂಕೆ ಹಾಗಿರಲಿ, ಕಬ್ಬಿನ ಗದ್ದೆಯ ಬದುವಿನಲ್ಲಿ ಓಡುವ ಮೊಲವನ್ನೂ ಹೊಡೆಯುವ ಹಾಗಿಲ್ಲ. ಕೋವಿ ಇಟ್ಟುಕೊಳ್ಳುವುದಕ್ಕೇ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಇದರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಯಾರಿಗೆ? ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋಗಿ ಅಲ್ಲೇ ಮನೆ ಮಾಡಿಕೊಂಡವರಿಗೆ. ಮಂಡ್ಯದ ಪಿಇಎಸ್‌ನಲ್ಲೋ ಮೈಸೂರಿನ ಎನ್‌ಐಇಯಲ್ಲೋ ಓದಿ ಪೆನ್ಸಿಲ್ವೇನಿಯಾ, ಓಹಾಯೋ, ಮಿಸೌರಿ ಅಂತ ಹೋದ ಹುಡುಗರಿಗೆ ಅಲ್ಲಿ ಬೇಟೆ ಕಾನೂನುಬದ್ಧ. ಸೀಸನ್ ಇದೆ, ಲೈಸೆನ್ಸ್ ಇದೆ, ಇಷ್ಟೇ ಪ್ರಾಣಿ ಅನ್ನುವ ಲೆಕ್ಕ ಇದೆ. ಕೆಲಸದ ಜಾಗದಲ್ಲಿ ಯಾರೋ ಕರೆಯುತ್ತಾರೆ, ಒಂದು ಸಲ ಜೊತೆಗೆ ಹೋಗಿ ನೋಡುತ್ತಾರೆ, ಆಮೇಲೆ ತಮ್ಮದೇ ಕೋವಿ ಬೇಕು ಅನಿಸುತ್ತದೆ. ನಾನು ಪೆನ್ಸಿಲ್ವೇನಿಯಾದಲ್ಲಿ ಬಹಳ ವರ್ಷ ಇದ್ದು ಈಗ ಮಂಡ್ಯಕ್ಕೆ ವಾಪಸ್ ಬಂದವನು. ಯುಗಾದಿಗೆ ಊರಿಗೆ ಬಂದವರು ಹೊಸತೊಡಕಿನ ಬಾಡೂಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂತಾಗ ನನ್ನನ್ನು ಕೇಳುವುದು ಇದನ್ನೇ: ಮದ್ದು ತುಂಬುವ ಕೋವಿ ತಗೋಬೇಕಣ್ಣ, ಜಿಂಕೆಗೂ ಆಗಬೇಕು, ಮೊಲ ಅಳಿಲಿಗೂ ಆಗಬೇಕು, ಯಾವ ಕ್ಯಾಲಿಬರ್? ಮದ್ದು ತುಂಬುವ ಕೋವಿ ಅಂದರೆ ತೋಟಾ ಇಲ್ಲದ, ಪ್ರತಿ ಈಡಿಗೂ ನಳಿಕೆಯ ಬಾಯಿಂದ ಮದ್ದು, ಗುಂಡು ತುಂಬಿ ಹೊಡೆಯುವ ಕೋವಿ.

ನೇರವಾಗಿ ಹೇಳುವುದಾದರೆ, ಒಂದೇ ಕೋವಿ ಅಂದರೆ .50, ಅಂದರೆ ನಳಿಕೆಯ ಒಳ ಅಗಲ ಅರ್ಧ ಇಂಚು. ಜಿಂಕೆಗೆ ಹೋಗುವುದೇ ಇಲ್ಲ, ಅಳಿಲು ಮೊಲ ಸಾಕು ಅಂದರೆ .32 ಅಥವಾ .36. ಎರಡೂ ಬೇಕು, ದುಡ್ಡೂ ಇದೆ ಅಂದರೆ ಎರಡು ಕೋವಿ. ನಡುವಿನದ್ದು ಯಾವುದೋ ಒಂದನ್ನು ತಗೊಂಡು ಎರಡಕ್ಕೂ ಹೊಂದಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ನನ್ನ ಪ್ರಕಾರ ಈ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಪ್ರಾಣಿಯ ನೋವು. ಒಂದೇ ಈಡಿಗೆ ಬೀಳಬೇಕು. ಗಾಯ ಮಾಡಿಕೊಂಡು ಕಾಡಿನೊಳಗೆ ಓಡಿ ಎರಡು ದಿನ ನರಳಿ ಸಾಯುವ ಹಾಗಾಗಬಾರದು. ಮದ್ದಿನ ಕೋವಿಯಲ್ಲಿ ಎರಡನೇ ಈಡು ಅನ್ನುವುದು ಬೇಗ ಸಿಗುವುದಿಲ್ಲ, ಮತ್ತೆ ತುಂಬುವುದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ ಬೇಕೇ ಬೇಕು.

ಗುಂಡಿನ ಲೆಕ್ಕ

ಕ್ಯಾಲಿಬರ್ ಅಂದರೆ ನಳಿಕೆಯ ಒಳಗಿನ ಅಗಲ, ಇಂಚಿನ ಲೆಕ್ಕದಲ್ಲಿ. .50 ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. .32 ಅಂದರೆ ಸುಮಾರು 8 ಮಿಲಿಮೀಟರ್. ನೋಡಲು ಇವೆರಡರ ನಡುವೆ ದೊಡ್ಡ ಅಂತರ ಕಾಣುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಸೀಸದ ಗುಂಡು ಉರುಟಾಗಿರುತ್ತದೆ, ಉರುಟು ವಸ್ತುವಿನ ಅಗಲ ಸ್ವಲ್ಪ ಹೆಚ್ಚಿದರೂ ತೂಕ ವಿಪರೀತ ಏರುತ್ತದೆ. ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟು.

ಗುಂಡಿನ ತೂಕವನ್ನು ಅಲ್ಲಿ ಗ್ರೇನ್‌ನಲ್ಲಿ ಹೇಳುತ್ತಾರೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್, ಸುಮಾರು 15 ಗ್ರೇನ್‌ಗೆ ಒಂದು ಗ್ರಾಂ. .32ರ ಗುಂಡು ಸುಮಾರು 45 ಗ್ರೇನ್, ಅಂದರೆ ಮೂರು ಗ್ರಾಂ. ಗಾತ್ರದಲ್ಲಿ ಒಂದು ಕಡಲೆಕಾಳಿನಷ್ಟು. .36ರದ್ದು 65, .40ರದ್ದು 90ರ ಆಸುಪಾಸು, .45ರದ್ದು 128, .50ರದ್ದು 177, .54ರದ್ದು 224, .58ರದ್ದು 280ರ ಹತ್ತಿರ. .32ರಿಂದ .50ಕ್ಕೆ ಹೋದಾಗ ಅಗಲ ಏರಿದ್ದು ಒಂದೂವರೆ ಪಟ್ಟು ಅಷ್ಟೆ, ತೂಕ ಮಾತ್ರ ಹೆಚ್ಚೂಕಡಿಮೆ ನಾಲ್ಕು ಪಟ್ಟು. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಅಂಗಡಿಯವರು ಏನೇ ಹೇಳಿದರೂ ನೀವೇ ಲೆಕ್ಕ ಹಾಕಬಹುದು.

ಇನ್ನೊಂದು ವಿಷಯ ಇದೆ. ಉರುಟು ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ. ಈಗಿನ ರೈಫಲ್‌ಗಳ ಚೂಪು ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಇದು ಹಾಗಲ್ಲ. .50ರ ಗುಂಡು ನಳಿಕೆ ಬಿಟ್ಟು ನೂರು ಯಾರ್ಡ್ ಹೋಗುವಷ್ಟರಲ್ಲಿ ತನ್ನ ವೇಗದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ. ಹೊಡೆತದ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಗುಂಡು ಸಣ್ಣದಾದಷ್ಟೂ ಈ ನಷ್ಟ ಹೆಚ್ಚು. .32ರ ಗುಂಡು ಹೊರಡುವಾಗ ಭಾರಿ ವೇಗದಲ್ಲಿರುತ್ತದೆ, ಐವತ್ತು ಯಾರ್ಡ್ ದಾಟಿದ ಮೇಲೆ ಅದನ್ನು ನಂಬುವ ಹಾಗಿಲ್ಲ, ಪಕ್ಕದ ಗಾಳಿ ಬೀಸಿದರೆ ಗುರಿಯಿಂದ ಆಚೆಗೆ ಹೋಗುತ್ತದೆ. ಮದ್ದು ಜಾಸ್ತಿ ಹಾಕಿದರೆ ಆಯ್ತಲ್ವಾ ಅಂತ ಕೇಳುತ್ತಾರೆ. ಇಲ್ಲ, ಹೆಚ್ಚಿಗೆ ಸಿಕ್ಕ ವೇಗವನ್ನು ಮೊದಲ ಕೆಲವು ಯಾರ್ಡ್‌ನಲ್ಲೇ ಗಾಳಿ ತಿಂದುಬಿಡುತ್ತದೆ, ಭುಜಕ್ಕೆ ಏಟು ಬೀಳುವುದಷ್ಟೇ ಲಾಭ. ಉರುಟು ಗುಂಡಿನಲ್ಲಿ ಬಲ ಬರುವುದು ತೂಕದಿಂದ. ತೂಕ ಬರುವುದು ಕ್ಯಾಲಿಬರ್‌ನಿಂದ.

ಜಿಂಕೆಗೆ

ಅಲ್ಲಿನ ಬಿಳಿಬಾಲದ ಜಿಂಕೆಯ ಗಾತ್ರ ಊರಿಂದೂರಿಗೆ ಬೇರೆ. ಉತ್ತರದ ರಾಜ್ಯಗಳಲ್ಲಿ ಚೆನ್ನಾಗಿ ಮೇಯ್ದ ಗಂಡು ನೂರು ಕೆ.ಜಿ. ದಾಟುತ್ತದೆ, ದಕ್ಷಿಣದ ಕಡೆಯದ್ದು ಇನ್ನೂ ಚಿಕ್ಕದು. ಮುಂಗಾಲಿನ ಹಿಂದೆ ಶ್ವಾಸಕೋಶ ಹೃದಯ ಇರುವ ಜಾಗಕ್ಕೆ ಗುಂಡು ಹೊಕ್ಕು ಆಚೆ ಪಕ್ಕದವರೆಗೂ ಹೋಗಬೇಕು. ಎರಡೂ ಕಡೆ ತೂತಾದರೆ ರಕ್ತದ ಜಾಡು ಸಿಗುತ್ತದೆ, ಪ್ರಾಣಿ ದೂರ ಹೋಗುವುದಿಲ್ಲ.

ಇದಕ್ಕೆ .50 ಸಾಕು, ಚೆನ್ನಾಗೇ ಸಾಕು. 70ರಿಂದ 90 ಗ್ರೇನ್ ಮದ್ದು, 177 ಗ್ರೇನ್ ಗುಂಡು, 75 ಯಾರ್ಡ್ ಒಳಗೆ ನಿಂತ ಜಿಂಕೆ. ಇದಕ್ಕಿಂತ ಹೆಚ್ಚು ಏನೂ ಬೇಕಿಲ್ಲ. ನಾನು .50 ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ, ಅದು ಬಹಳ ಸಾಮಾನ್ಯ ಕಾರಣ: ಯಾವ ಅಂಗಡಿಗೆ ಹೋದರೂ .50ರ ಗುಂಡು, ಗುಂಡಿಗೆ ಸುತ್ತುವ ಬಟ್ಟೆ, ತೊಳೆಯುವ ಸಾಮಾನು ಸಿಗುತ್ತದೆ. .54ರದ್ದು ಹುಡುಕಬೇಕು, .58ರದ್ದು ತರಿಸಿಕೊಳ್ಳಬೇಕು.

.54ರ ಬಗ್ಗೆ ನನಗೆ ತುಂಬಾ ಗೌರವ ಇದೆ. 224 ಗ್ರೇನ್ ಅಂದರೆ .50ಕ್ಕಿಂತ ಕಾಲು ಭಾಗಕ್ಕೂ ಮಿಕ್ಕಿ ತೂಕ. ಸೇಂಟ್ ಲೂಯಿಸ್‌ನಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕೆನ್ ಅನ್ನುವ ಅಣ್ಣತಮ್ಮಂದಿರು ಪಶ್ಚಿಮದ ಬೆಟ್ಟಗಳಿಗೆ ಹೋಗುವವರಿಗೆ ಕೋವಿ ಮಾಡಿಕೊಡುತ್ತಿದ್ದರು. ಅವು ದಪ್ಪ ನಳಿಕೆಯ, ಅರ್ಧ ಇಂಚು ಅಥವಾ ಅದಕ್ಕಿಂತ ದೊಡ್ಡ ಗುಂಡಿನ ಕೋವಿಗಳು. ಯಾಕೆಂದರೆ ಅಲ್ಲಿ ಎದುರಾಗುವುದು ಎಲ್ಕ್, ಕಾಡೆಮ್ಮೆ, ಕರಡಿ. ನೀವು ಕೊಲೊರಾಡೊ, ಮೊಂಟಾನ ಕಡೆ ಇದ್ದು ಮುಂದೆ ಎಲ್ಕ್‌ಗೂ ಹೋಗುವ ಮನಸ್ಸಿದ್ದರೆ ಮೊದಲೇ .54 ತಗೊಳ್ಳಿ. ಎಲ್ಕ್ ನಮ್ಮ ಕಡವೆಗಿಂತಲೂ ದೊಡ್ಡದು, ಮುನ್ನೂರು ಕೆ.ಜಿ. ತೂಗುವ ಗಂಡುಗಳಿರುತ್ತವೆ. ಪೂರ್ವದ ಕಾಡಿನಲ್ಲಿ ಜಿಂಕೆಗೆ ಮಾತ್ರ ಅಂದರೆ ಅಷ್ಟು ಬೇಕಾಗುವುದಿಲ್ಲ.

ಇನ್ನು .45. ಇದರಲ್ಲಿ ಜಿಂಕೆ ಹೊಡೆಯುವವರು ಬಹಳ ಜನ ಇದ್ದಾರೆ, ಬೀಳುವುದೂ ನಿಜ. ಆದರೆ 128 ಗ್ರೇನ್ ಗುಂಡು ಮೂಳೆಗೆ ತಾಗಿದರೆ ಆಚೆ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಐವತ್ತು ಯಾರ್ಡ್ ಒಳಗೆ, ಜಿಂಕೆ ಪಕ್ಕಕ್ಕೆ ತಿರುಗಿ ನಿಂತಿದ್ದಾಗ, ಕೈ ಪಳಗಿದವರಿಗೆ ಸರಿ. ಹೊಸಬರಿಗೆ ನಾನು ಹೇಳುವುದಿಲ್ಲ.

.40 ಮತ್ತು ಅದಕ್ಕಿಂತ ಚಿಕ್ಕದು ಜಿಂಕೆಗೆ ಬೇಡವೇ ಬೇಡ. ಕೆಲವು ರಾಜ್ಯಗಳಲ್ಲಿ ಕಾನೂನು ಬಿಡುತ್ತದೆ, ಆದರೂ ಬೇಡ.

ಕಾನೂನಿನ ವಿಷಯಕ್ಕೆ ಬಂದಾಗ ಒಂದು ಎಚ್ಚರ. ಪ್ರತಿ ರಾಜ್ಯದ್ದೂ ಬೇರೆ ಬೇರೆ ಲೆಕ್ಕ. ಜಿಂಕೆಗೆ ಕನಿಷ್ಠ ಎಷ್ಟು ಅಂತ ನೋಡಿದರೆ ಓಹಾಯೋದಲ್ಲಿ .38, ಮಿಸೌರಿಯಲ್ಲಿ .40, ಪೆನ್ಸಿಲ್ವೇನಿಯಾದ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿ) ಸೀಸನ್‌ನಲ್ಲಿ .44, ವರ್ಜೀನಿಯಾದಲ್ಲಿ .45. ಕೊಲೊರಾಡೊದ ಲೆಕ್ಕ ನೋಡಿ, ಅದರಲ್ಲಿ ತುಂಬಾ ಜನ ಸಿಕ್ಕಿಬೀಳುತ್ತಾರೆ. ಅಲ್ಲಿ ಜಿಂಕೆಗೆ .40 ಸಾಕು ಅಂತ ಇದೆ, ಆದರೆ ಅದರ ಕೆಳಗೇ ಗುಂಡು ಕನಿಷ್ಠ 170 ಗ್ರೇನ್ ತೂಗಬೇಕು ಅಂತಲೂ ಇದೆ. .40ರ ಉರುಟು ಗುಂಡು 90 ಗ್ರೇನ್. .45ರದ್ದು 128. ಎರಡೂ ನಡೆಯುವುದಿಲ್ಲ. ಉರುಟು ಗುಂಡೇ ಬಳಸುತ್ತೇನೆ ಅನ್ನುವವರಿಗೆ ಕೊಲೊರಾಡೊ ನಿಜವಾಗಿ ಕೇಳುತ್ತಿರುವುದು .50. ಅದಕ್ಕೇ ಹೇಳುವುದು, ನಿಯಮದ ಪುಸ್ತಕದಲ್ಲಿ ಮೊದಲ ಸಾಲು ಮಾತ್ರ ಓದಿ ಕೋವಿ ತಗೋಬೇಡಿ. ನಿಯಮಗಳು ಬದಲಾಗುತ್ತಲೂ ಇರುತ್ತವೆ, ಆ ವರ್ಷದ ಪುಸ್ತಕವನ್ನೇ ನೋಡಿ.

ಅಳಿಲು, ಮೊಲಕ್ಕೆ

ಅಲ್ಲಿನ ಅಳಿಲು ನಮ್ಮ ಮನೆಯ ಹಿತ್ತಲಿನ ಮೂರು ಗೆರೆಯ ಅಳಿಲಲ್ಲ. ಬೂದು ಅಳಿಲು ಸುಮಾರು ಅರ್ಧ ಕೆ.ಜಿ. ಬರುತ್ತದೆ, ಅದನ್ನು ತಿನ್ನುತ್ತಾರೆ. ಕಾಟನ್‌ಟೇಲ್ ಮೊಲ ಒಂದು ಕೆ.ಜಿ. ಮೇಲೆ. ಇವಕ್ಕೆ ಬೇಕಾದದ್ದು ಬಲವಲ್ಲ, ಗುರಿ. ತಲೆಗೇ ಹೊಡೆಯಬೇಕು. ಮೈಗೆ ಬಿದ್ದರೆ ತಿನ್ನಲು ಏನೂ ಉಳಿಯುವುದಿಲ್ಲ, ಅದು ಸುಮ್ನೆ ಒಂದು ಜೀವ ತೆಗೆದ ಹಾಗೆ.

.32ಕ್ಕೆ 20 ಗ್ರೇನ್ ಆಸುಪಾಸು ಮದ್ದು ಹಾಕಿದರೆ ಸಾಕು. ಸದ್ದು ಕಡಿಮೆ, ಹಿಂದೊದೆತ ಇಲ್ಲವೇ ಇಲ್ಲ, ಖರ್ಚೂ ಕಡಿಮೆ. ಒಂದು ಪೌಂಡ್ ಸೀಸದಲ್ಲಿ .32ರ ಗುಂಡು 155 ಎರಕ ಹೊಯ್ಯಬಹುದು, .50ರದ್ದಾದರೆ 39 ಮಾತ್ರ. ಗುರಿ ಕಲಿಯಲು ಇದಕ್ಕಿಂತ ಒಳ್ಳೆಯ ಕೋವಿ ಇಲ್ಲ.

ಆದರೂ .32 ಮತ್ತು .36 ಎರಡರಲ್ಲಿ ನಾನು ಆರಿಸುವುದು .36. ಕಾರಣ ಬಲ ಅಲ್ಲ, ಕೈಯ ಅನುಕೂಲ. .32ರ ನಳಿಕೆ ಎಷ್ಟು ಸಣ್ಣ ಅಂದರೆ ಕೆಲವೇ ಈಡಿಗೆ ಮದ್ದಿನ ಮಸಿ ಒಳಗೆ ಕಟ್ಟಿಕೊಂಡು ಗುಂಡು ಇಳಿಯುವುದೇ ಕಷ್ಟವಾಗುತ್ತದೆ, ಮಧ್ಯೆ ಮಧ್ಯೆ ಬಟ್ಟೆ ಹಾಕಿ ಒರೆಸುತ್ತಲೇ ಇರಬೇಕು. ಗುಂಡನ್ನು ಒಳಗೆ ತಳ್ಳುವ ಗಜ ಕಡ್ಡಿಯೂ ಅಷ್ಟೇ ಸಣ್ಣ, ಮರದ್ದಾದರೆ ಜೋರಾಗಿ ಒತ್ತಿದಾಗ ಲಟಕ್ಕನೆ ಮುರಿದು ಅಂಗೈಗೆ ಚುಚ್ಚುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಮರಗಟ್ಟಿದ ಬೆರಳಿನಲ್ಲಿ ಆ ಪುಟ್ಟ ಗುಂಡು ಹಿಡಿಯುವುದೂ ಸುಲಭವಲ್ಲ, ಕೈಜಾರಿ ಎಲೆಗಳ ನಡುವೆ ಬಿದ್ದರೆ ಹೋಯಿತು. .36ರಲ್ಲಿ ಈ ತೊಂದರೆಗಳೆಲ್ಲ ಸ್ವಲ್ಪ ಸ್ವಲ್ಪ ಕಡಿಮೆ. ಗಾಳಿಯಲ್ಲೂ ಗುಂಡು ಸ್ವಲ್ಪ ಚೆನ್ನಾಗಿ ನಿಲ್ಲುತ್ತದೆ.

ಒಂದೇ ಕೋವಿಯಲ್ಲಿ ಎರಡೂ ಮಾಡಬೇಕಾದರೆ

ಹುಡುಗರಿಗೆ .40 ಅಥವಾ .45ರ ಆಸೆ ಹುಟ್ಟುವುದು ಇಲ್ಲಿ. ಎರಡರ ನಡುವೆ ಇದೆ, ಎರಡಕ್ಕೂ ಆಗಬಹುದು ಅಂತ. ನಡುವೆ ಇರುವುದು ನಿಜ, ಆದರೆ ಅದರಿಂದ ಆಗುವುದೇನು? ಜಿಂಕೆಗೆ ಕಡಿಮೆ ಬೀಳುತ್ತದೆ, ಅಳಿಲಿಗೆ ಜಾಸ್ತಿಯಾಗುತ್ತದೆ. .40 ಗುರಿ ಹೊಡೆಯುವ ಆಟಕ್ಕೆ ಬಹಳ ಒಳ್ಳೆಯದು, ಅದಕ್ಕೇ ಬೇಕಾದರೆ ತಗೊಳ್ಳಿ.

ನನ್ನ ದಾರಿ ಬೇರೆ. ದೊಡ್ಡ ಪ್ರಾಣಿಗೆ ಸಾಕಾಗುವ ಕೋವಿಯನ್ನು ಆರಿಸಿ, ಸಣ್ಣ ಪ್ರಾಣಿಗೆ ಮದ್ದು ಇಳಿಸಿ. ದೊಡ್ಡ ನಳಿಕೆಯಲ್ಲಿ ಕಡಿಮೆ ಮದ್ದು ಹಾಕಬಹುದು. ಸಣ್ಣ ನಳಿಕೆಯಲ್ಲಿ ದೊಡ್ಡ ಗುಂಡು ಹಾಕಲು ಆಗುವುದಿಲ್ಲ. .50ರಲ್ಲಿ 30 ಗ್ರೇನ್ ಮದ್ದು ಮತ್ತು ಅದೇ ಉರುಟು ಗುಂಡು ಹಾಕಿದರೆ 25 ಯಾರ್ಡ್‌ನಲ್ಲಿ ಅಳಿಲಿನ ತಲೆಗೆ ಹೊಡೆಯಬಹುದು. ಮದ್ದು ಕಡಿಮೆಯಾದಾಗ ಗುಂಡು ಬೀಳುವ ಜಾಗ ಬದಲಾಗುತ್ತದೆ, ಅದನ್ನು ಮೊದಲೇ ಕಾಗದದ ಮೇಲೆ ಹೊಡೆದು ನೋಡಿ ಗುರುತು ಹಾಕಿಕೊಂಡಿರಬೇಕು. ತಲೆಗಲ್ಲದೆ ಬೇರೆಲ್ಲೂ ಹೊಡೆಯುವುದಿಲ್ಲ ಅನ್ನುವ ಕಟ್ಟುನಿಟ್ಟು ಬೇಕು. ಇನ್ನೊಂದು, ಸಣ್ಣ ಪ್ರಾಣಿಗೆ ಇಷ್ಟಕ್ಕಿಂತ ದೊಡ್ಡ ಕ್ಯಾಲಿಬರ್ ಕೂಡದು ಅಂತ ಮಿತಿ ಇಡುವ ರಾಜ್ಯಗಳೂ ಇವೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ, ನಿಮ್ಮ ಪುಸ್ತಕ ನೋಡಿ.

ಇನ್ನೂ ಒಂದು ದಾರಿ ಇದೆ, ಯಾರೂ ಅಷ್ಟಾಗಿ ಹೇಳುವುದಿಲ್ಲ. ಒಳಗೆ ಸುರುಳಿ ಗೆರೆ ಇಲ್ಲದ ನಯವಾದ ನಳಿಕೆಯ ಕೋವಿ, .62, ಅಂದರೆ ಚರೆ ಕೋವಿಗಳ ಲೆಕ್ಕದಲ್ಲಿ 20 ಗೇಜ್. ಇದರಲ್ಲಿ ಚರೆ, ಅಂದರೆ ಸಣ್ಣ ಸಣ್ಣ ಗುಂಡು ತುಂಬಿದರೆ ಓಡುವ ಮೊಲಕ್ಕೂ ಆಗುತ್ತದೆ, ಒಂಟಿ ಗುಂಡು ತುಂಬಿದರೆ ಜಿಂಕೆಗೂ ಆಗುತ್ತದೆ. .62ರ ಗುಂಡು 325 ಗ್ರೇನ್ ಹತ್ತಿರ, ಬಿದ್ದರೆ ಜಿಂಕೆ ಏಳುವುದಿಲ್ಲ. ತೊಂದರೆ ಇರುವುದು ಗುರಿಯಲ್ಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿದ್ದೀರಲ್ಲ, ಸಿಪಾಯಿಗಳು ಸಾಲುಗಟ್ಟಿ ಒತ್ತೊತ್ತಾಗಿ ನಿಂತಿದ್ದಾರೆ. ಅವರ ಕೈಯಲ್ಲಿದ್ದದ್ದು ನಯ ನಳಿಕೆಯ ಕೋವಿ. ಕಂಪನಿಯವರ ಬ್ರೌನ್ ಬೆಸ್ ಕೋವಿಯ ನಳಿಕೆ .75, ಅದಕ್ಕೆ ಹಾಕುತ್ತಿದ್ದ ಗುಂಡು .69ರ ಸುತ್ತಮುತ್ತ. ಬೇಗ ಬೇಗ ತುಂಬಲಿ ಅಂತ ಅಷ್ಟು ಸಡಿಲ. ಗುಂಡು ನಳಿಕೆಯ ಗೋಡೆಗೆ ಅಲ್ಲಿ ಇಲ್ಲಿ ಬಡಿದುಕೊಂಡು ಹೊರಗೆ ಬರುತ್ತಿತ್ತು, ಆಮೇಲೆ ಎತ್ತ ಹೋಗುತ್ತದೋ ಹೇಳುವ ಹಾಗಿರಲಿಲ್ಲ. ಅದಕ್ಕೇ ನೂರಾರು ಜನ ಒಟ್ಟಿಗೆ ಹಾರಿಸುತ್ತಿದ್ದರು. ಬೇಟೆಯಲ್ಲಿ ಬಟ್ಟೆ ಸುತ್ತಿ ಬಿಗಿಯಾಗಿ ತುಂಬಿದರೆ ಎಷ್ಟೋ ಪಾಲು ಸುಧಾರಿಸುತ್ತದೆ, ಆದರೂ ಜಿಂಕೆಗೆ ಐವತ್ತು ಯಾರ್ಡ್ ಮೇಲೆ ಹೋಗಬೇಡಿ. ದಟ್ಟ ಕಾಡಿನಲ್ಲಿ ಅಷ್ಟು ದೂರ ಕಾಣುವುದೂ ಇಲ್ಲ, ಹಾಗಾಗಿ ಅಲ್ಲಿ ಇದು ಒಳ್ಳೆಯ ಆಯ್ಕೆಯೇ.

ಕ್ಯಾಲಿಬರ್ ಜೊತೆ ನೋಡಬೇಕಾದದ್ದು

ಕ್ಯಾಲಿಬರ್ ಸರಿಯಾಗಿ ಆರಿಸಿ ನಳಿಕೆಯ ಸುರುಳಿ ನೋಡದೆ ತಂದರೆ ಪ್ರಯೋಜನ ಇಲ್ಲ. 1:48 ಅಂತ ಬರೆದಿದ್ದರೆ 48 ಇಂಚಿಗೆ ಗುಂಡು ಒಂದು ಸುತ್ತು ತಿರುಗುತ್ತದೆ ಅಂತ ಅರ್ಥ. .50, .54ರಲ್ಲಿ ಉರುಟು ಗುಂಡಿಗೆ ನಿಧಾನದ ಸುತ್ತು ಬೇಕು, 1:60 ಅಥವಾ 1:66 ಒಳ್ಳೆಯದು. ಉದ್ದನೆಯ ಗುಂಡಿಗೆ ಬೇಗದ ಸುತ್ತು, 1:28 ಹಾಗೆ. ಈಗಿನ ಕಾಲದ ಇನ್‌ಲೈನ್ (ಕಿಡಿ ಮದ್ದಿನ ನೇರ ಹಿಂದಿನಿಂದ ಬರುವ) ಕೋವಿಗಳೆಲ್ಲ ಹೆಚ್ಚಾಗಿ 1:28, ಅದರಲ್ಲಿ ಉರುಟು ಗುಂಡಿಗೆ ಪೂರ್ತಿ ಮದ್ದು ಹಾಕಿದರೆ ಗುರಿ ಚೆಲ್ಲಾಪಿಲ್ಲಿಯಾಗುತ್ತದೆ. 1:48 ಎರಡನ್ನೂ ಒಂದು ಮಟ್ಟಕ್ಕೆ ನಿಭಾಯಿಸುತ್ತದೆ. .32, .36ರಲ್ಲಿ 1:48 ಇದ್ದರೂ ಉರುಟು ಗುಂಡು ಚೆನ್ನಾಗೇ ಹೋಗುತ್ತದೆ.

ಗುಂಡು ನಳಿಕೆಗಿಂತ ಸ್ವಲ್ಪ ಚಿಕ್ಕದಿರಬೇಕು. .50ಕ್ಕೆ .490 ಗುಂಡು, ಸುತ್ತ ಎಣ್ಣೆ ಸವರಿದ ಹತ್ತಿ ಬಟ್ಟೆ. ಬಟ್ಟೆ ಅಪ್ಪಟ ಹತ್ತಿಯದ್ದೇ ಆಗಬೇಕು, ಪಾಲಿಯೆಸ್ಟರ್ ಕಲಬೆರಕೆ ಆದರೆ ಒಳಗೆ ಕರಗಿ ಅಂಟುತ್ತದೆ. ಊರಿಗೆ ಬಂದಾಗ ಒಬ್ಬ ಹುಡುಗ ಮೇಲುಕೋಟೆ ಕೈಮಗ್ಗದ ಹತ್ತಿ ಬಟ್ಟೆ ಒಯ್ದ, ಅದು ಚೆನ್ನಾಗಿ ಕೆಲಸ ಮಾಡಿತು ಅಂತ ಹೇಳಿದ. ಹೊಡೆದ ಮೇಲೆ ಮುಂದೆ ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹರಿದಿದ್ದರೆ ಅಥವಾ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಅಥವಾ ಎಣ್ಣೆ ಸಾಲಲಿಲ್ಲ. ಮತ್ತೆ ಬಳಸುವಷ್ಟು ಚೆನ್ನಾಗಿದ್ದರೆ ಎಲ್ಲ ಸರಿ ಇದೆ.

ಮದ್ದಿನ ಡಬ್ಬಿಯ ಮೇಲೆ ಎಫ್ ಅಕ್ಷರ ಹೆಚ್ಚಾದಷ್ಟೂ ಮದ್ದಿನ ಕಾಳು ನುಣುಪು. .50 ಮತ್ತು ಮೇಲಿನದ್ದಕ್ಕೆ ಸಾಮಾನ್ಯವಾಗಿ ಎರಡು ಎಫ್, .45 ಮತ್ತು ಕೆಳಗಿನದ್ದಕ್ಕೆ ಮೂರು ಎಫ್, ಫ್ಲಿಂಟ್‌ಲಾಕ್‌ನಲ್ಲಿ ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ನಾಲ್ಕು ಎಫ್. ನಾನು ಮೇಲೆ ಹೇಳಿದ ಮದ್ದಿನ ಅಳತೆಗಳೆಲ್ಲ ಒಂದು ಅಂದಾಜಿಗೆ. ನಿಮ್ಮ ಕೋವಿ ಮಾಡಿದವರ ಪುಸ್ತಕದಲ್ಲಿ ಇರುವ ಮಿತಿಯೇ ಕೊನೆಯ ಮಾತು. ಪೈರೋಡೆಕ್ಸ್, ಟ್ರಿಪಲ್ ಸೆವೆನ್‌ನಂತಹ ಬದಲಿ ಮದ್ದುಗಳನ್ನು ತಕ್ಕಡಿಯಲ್ಲಿ ತೂಗಬಾರದು, ಅಳತೆ ಕೊಳವೆಯಲ್ಲಿ ಅಳೆಯಬೇಕು. ಫ್ಲಿಂಟ್‌ಲಾಕ್‌ಗೆ ಅವು ಹೊಂದುವುದಿಲ್ಲ, ಬೇಗ ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ ಅಸಲಿ ಕರಿಮದ್ದೇ ಬೇಕು. ಪೆನ್ಸಿಲ್ವೇನಿಯಾದವರಿಗೆ ಇದು ಮುಖ್ಯ, ಕ್ರಿಸ್‌ಮಸ್ ಆದ ಮಾರನೇ ದಿನ ಶುರುವಾಗುವ ಸೀಸನ್‌ನಲ್ಲಿ ಫ್ಲಿಂಟ್‌ಲಾಕ್ ಬಿಟ್ಟು ಬೇರೆ ಮದ್ದಿನ ಕೋವಿ ನಡೆಯುವುದಿಲ್ಲ. ಈಗಿನ ರೈಫಲ್ ತೋಟಾಗಳಲ್ಲಿ ಇರುವ ಹೊಗೆಯಿಲ್ಲದ ಮದ್ದನ್ನು ಮಾತ್ರ ಯಾವ ಕಾರಣಕ್ಕೂ ಇದರಲ್ಲಿ ಹಾಕಬೇಡಿ. ನಳಿಕೆ ಸಿಡಿಯುತ್ತದೆ, ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ.

ಅದೇ ದರಿಯಾ ದೌಲತ್ ಚಿತ್ರದಲ್ಲಿ ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುವುದನ್ನೂ ಬರೆದಿದ್ದಾರೆ. ಒಂದು ಕಿಡಿ ಸಾಕು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಕೆಗೆ ಸುರಿಯಬೇಡಿ, ಹಿಂದಿನ ಈಡಿನ ಕೆಂಡ ಒಳಗಿದ್ದರೆ ಇಡೀ ಡಬ್ಬಿ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಸಣ್ಣ ಅಳತೆಗೆ ತೆಗೆದು, ಡಬ್ಬಿ ಮುಚ್ಚಿ ದೂರ ಇಟ್ಟು, ಆಮೇಲೆ ಸುರಿಯಿರಿ. ಗುಂಡು ಮದ್ದಿಗೆ ತಾಗಿ ಕೂತಿರಬೇಕು, ನಡುವೆ ಜಾಗ ಇದ್ದರೆ ನಳಿಕೆ ಉಬ್ಬಬಹುದು, ಸಿಡಿಯಬಹುದು. ಗಜ ಕಡ್ಡಿಯ ಮೇಲೆ ಒಂದು ಗುರುತು ಹಾಕಿಕೊಳ್ಳಿ, ಸರಿಯಾಗಿ ತುಂಬಿದಾಗ ಎಲ್ಲಿಗೆ ಬರುತ್ತದೆ ಅಂತ. ಕೋವಿಯ ಕುದುರೆ (ಟ್ರಿಗರ್) ಎಳೆದರೂ ಈಡು ಹಾರಲಿಲ್ಲ ಅಂದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಿರಿ, ತಡವಾಗಿ ಹಾರುವುದು ಇದರಲ್ಲಿ ಸಾಮಾನ್ಯ. ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾಗಿರಲಿ, ಅದೇ ರಾತ್ರಿ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಮದ್ದಿನ ಮಸಿ ತೇವ ಎಳೆದುಕೊಂಡು ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಸುತ್ತದೆ.

ದುಡ್ಡು ಕೊಡುವ ಮೊದಲು

ಮೊದಲ ಸಲ ಹೋಗುವವರಿಗೆ ಬಹುತೇಕ ಕಡೆ ಬೇಟೆಯ ಸುರಕ್ಷತೆಯ ತರಗತಿ ಕಡ್ಡಾಯ. ಅದಕ್ಕೆ ಹೋಗಿ, ಮನಸ್ಸಿಟ್ಟು ಕೇಳಿ. ಎಚ್-1ಬಿ, ಎಫ್-1 ವೀಸಾದಲ್ಲಿ ಇರುವವರು ಇನ್ನೂ ಒಂದು ಹೆಜ್ಜೆ ಜಾಸ್ತಿ ಎಚ್ಚರವಾಗಿರಬೇಕು. ಅಮೆರಿಕದ ಕೇಂದ್ರ ಕಾನೂನು ತಾತ್ಕಾಲಿಕ ವೀಸಾದವರಿಗೆ ಬಂದೂಕು ಮತ್ತು ತೋಟಾ ಇಟ್ಟುಕೊಳ್ಳುವುದನ್ನು ತಡೆಯುತ್ತದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಮದ್ದು ತುಂಬುವ ಕೋವಿಗೆ ಆ ಕಾನೂನಿನಲ್ಲಿ ಬೇರೆ ಲೆಕ್ಕ, ಆದರೆ ರಾಜ್ಯಗಳ ಕಾನೂನು ಹಾಗೇ ಇರಬೇಕು ಅಂತೇನಿಲ್ಲ. ಗ್ರೀನ್ ಕಾರ್ಡ್ ದಾರಿಯಲ್ಲಿ ಇರುವವರು ಒಂದು ಸಣ್ಣ ತಪ್ಪಿಗೆ ಎಲ್ಲ ಕಳೆದುಕೊಳ್ಳಬೇಡಿ, ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಮಾತು, ಅಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗಿಲ್ಲ. ಸೀಸಕ್ಕೆ ಬದಲಿ ಲೋಹದ ಗುಂಡು ನಿಮ್ಮ ಕ್ಯಾಲಿಬರ್‌ಗೆ ಸಿಗುತ್ತದೆಯೇ ಅಂತ ಮೊದಲು ನೋಡಿ, ಆಮೇಲೆ ಕೋವಿ.

ಸೀಸದ ಗುಂಡಿನಿಂದ ಹೊಡೆದ ಮಾಂಸದಲ್ಲಿ ಗಾಯದ ಸುತ್ತಲಿನದ್ದನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಮಕ್ಕಳಿರುವ ಮನೆಯಲ್ಲಂತೂ ಉಳಿಸಲು ಹೋಗಬೇಡಿ. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ. ಕುರಿಯ ಲೆಕ್ಕದಲ್ಲಿ ಜೋರು ಉರಿಯಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ, ಸಣ್ಣ ಉರಿಯಲ್ಲಿ ಹೊತ್ತು ಹಿಡಿದು ಬೇಯಿಸಿ ಮಸಾಲೆ ಹಾಕಿದರೆ ಮುದ್ದೆಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಆಗುವುದಾದರೆ ಕೊಳ್ಳುವ ಮೊದಲು ಯಾರದ್ದಾದರೂ ಕೋವಿಯನ್ನು ಶೂಟಿಂಗ್ ರೇಂಜ್‌ನಲ್ಲಿ ಹೊಡೆದು ನೋಡಿ. ಅಲ್ಲಿ ಮದ್ದಿನ ಕೋವಿಯವರು ಹೊಸಬರಿಗೆ ಪ್ರೀತಿಯಿಂದ ಕಲಿಸುತ್ತಾರೆ, ಕೇಳಲು ಸಂಕೋಚ ಬೇಡ. ಒಂದೇ ಕ್ಯಾಲಿಬರ್ ಆದರೂ ನಳಿಕೆಯ ಉದ್ದ, ಹಿಡಿಯ ಬಾಗು ಬೇರೆಯಾದರೆ ಕೈಗೆ ಬೇರೆಯೇ ಅನಿಸುತ್ತದೆ. ನಳಿಕೆಯ ಹೊರ ಅಗಲ ಒಂದೇ ಇದ್ದಾಗ .54ಕ್ಕಿಂತ .45 ಭಾರ ಇರುತ್ತದೆ, ಒಳಗೆ ಕೊರೆದು ತೆಗೆದ ಕಬ್ಬಿಣ ಕಡಿಮೆ ನೋಡಿ. ದಿನವಿಡೀ ಗುಡ್ಡ ಹತ್ತುವವರಿಗೆ ಆ ವ್ಯತ್ಯಾಸ ಭುಜದಲ್ಲಿ ಗೊತ್ತಾಗುತ್ತದೆ.

ತಂದ ಮೇಲೆ ಎಂಟು ಇಂಚು ಅಗಲದ ಕಾಗದದ ತಟ್ಟೆ ನಿಲ್ಲಿಸಿ 25 ಯಾರ್ಡ್‌ನಿಂದ ಶುರು ಮಾಡಿ. ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಅಷ್ಟೇ. ಬೆಂಚಿನ ಮೇಲೆ ಕೋವಿ ಊರಿ ಹೊಡೆದದ್ದನ್ನು ಲೆಕ್ಕಕ್ಕೆ ತಗೋಬೇಡಿ, ಕಾಡಿನಲ್ಲಿ ಬೆಂಚು ಇರುವುದಿಲ್ಲ. ನಿಂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆಯಿರಿ. ಎಲ್ಲ ಗುಂಡೂ ತಟ್ಟೆಯಲ್ಲೇ ಬೀಳುವವರೆಗೆ ಹಿಂದೆ ಸರಿಯಬೇಡಿ. ಬಿದ್ದ ಮೇಲೆ 50ಕ್ಕೆ, ಆಮೇಲೆ 75ಕ್ಕೆ. ಎಲ್ಲಿ ಒಂದು ಗುಂಡು ಹೊರಗೆ ಬಿತ್ತೋ ಅದರ ಹಿಂದಿನ ದೂರದಲ್ಲಿ ನಿಲ್ಲಿಸಿ, ಆ ವರ್ಷ ಅದಕ್ಕಿಂತ ದೂರದ ಜಿಂಕೆಗೆ ಕೋವಿ ಎತ್ತಬೇಡಿ. ಅಳಿಲಿಗೆ ಇದೇ ಪರೀಕ್ಷೆಯನ್ನು ಒಂದೂವರೆ ಇಂಚಿನ ವೃತ್ತ ಬರೆದು ಮಾಡಿ. ಮದ್ದಿನ ಅಳತೆ ಐದೈದು ಗ್ರೇನ್ ಬದಲಿಸುತ್ತಾ ಯಾವುದರಲ್ಲಿ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತವೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಬಟ್ಟೆಯ ದಪ್ಪ, ಅವತ್ತಿನ ಚಳಿ ಗಾಳಿ ಸಮೇತ. ಇದಕ್ಕೆಲ್ಲ ವಾರಾಂತ್ಯಗಳು ಬೇಕಾಗುತ್ತವೆ, ಡಿಸೆಂಬರ್ ಸೀಸನ್ ಅಂದರೆ ಸೆಪ್ಟೆಂಬರ್‌ಗೆ ಕೋವಿ ಮನೆಯಲ್ಲಿರಲಿ.